ನುಗ್ಗೆಸೊಪ್ಪು ತಿಂದ ಮೊಲಗಳು

ಕಿವಿಯ ಬುಡದಲ್ಲಿ ಜೊಲ್ಲು ಸುರಿಸುವ ಗ್ರಂಥಿಯೊಂದಿದೆ. ದನದ ಆ ಗ್ರಂಥಿಯಿಂದ ತೆಗೆದ ಹಾರ್ಮೋನನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬೇಕು. ಇಳಿದರೆ ನನಗೆ ಪಿಎಚ್.ಡಿ., ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು. ಹಿಂದಿನ ಸಲ ಕರೆಂಟು ಹೋಗಿ ಫ್ರಿಜ್ಜಿನಲ್ಲಿದ್ದ ಹಾರ್ಮೋನು ಕೆಟ್ಟಿತ್ತು. ಇವೇ ಕೊನೆಯ ಮೊಲಗಳು, ಇನ್ನು ಕೇಳಬೇಡ ಎಂದು ಗೈಡ್ ಹೇಳಿಬಿಟ್ಟಿದ್ದರು. ಬೆಂಗಳೂರಿನ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಜೆ.ಪಿ. ನಗರದ ನಮ್ಮ ಕಾಲೇಜಿನಲ್ಲಿ ಮೊಲಗಳನ್ನು ನೋಡಿಕೊಳ್ಳುತ್ತಿದ್ದವರು ಸಾರಕ್ಕಿಯ ಒಬ್ಬ ಅಕ್ಕ. ಯಾರೇ ಹಸಿದಿದ್ದರೂ ಅವರಿಗೆ ತಡೆಯದು. ನನಗೂ ಎಷ್ಟೋ ಮಧ್ಯಾಹ್ನ ಬಲವಂತವಾಗಿ ಮುದ್ದೆ ತಿನ್ನಿಸಿದವರು. ಪ್ರಯೋಗದ ದಿನ ಮೊಲಗಳಿಗೆ ನೀರು ಬಿಟ್ಟು ಏನೂ ಹಾಕಬೇಡಿ ಎಂದಿದ್ದೆ. ತಲೆಯಾಡಿಸಿದ್ದರು.

ಬೆಳಿಗ್ಗೆ ಎಲ್ಲ ಮೊಲಗಳ ರಕ್ತ ತೆಗೆದು, ಅರ್ಧಕ್ಕೆ ಹಾರ್ಮೋನು, ಉಳಿದವಕ್ಕೆ ಬರೀ ಉಪ್ಪುನೀರು ಚುಚ್ಚಿದೆ. ಮಧ್ಯಾಹ್ನ ಮತ್ತೆ ರಕ್ತ ತೆಗೆದು ನೋಡಿದರೆ, ಹಾರ್ಮೋನು ಕೊಟ್ಟವುಗಳಲ್ಲೇ ಕ್ಯಾಲ್ಸಿಯಂ ಏರಿತ್ತು. ಇನ್ನೊಮ್ಮೆ ಪರೀಕ್ಷಿಸಿದೆ. ಅದೇ ಉತ್ತರ. ಮೊಲದ ಕೋಣೆಗೆ ಓಡಿದೆ. ಹಾರ್ಮೋನು ಕೊಟ್ಟ ಮೊಲಗಳ ಗೂಡುಗಳಲ್ಲಿ ಮಾತ್ರ ಹಸಿರು ಕಡ್ಡಿಗಳು ಬಿದ್ದಿದ್ದವು.

ಅಕ್ಕ ಏನನ್ನೂ ಮುಚ್ಚಿಡಲಿಲ್ಲ. “ಇವು ಮಂಕಾಗಿ ಕೂತಿದ್ವು ಮೇಡಂ, ಬೆಳಿಗ್ಗೆ ರಕ್ತ ಬೇರೆ ತೆಗೆದಿದ್ರಿ. ನೋಡಕ್ಕಾಗ್ಲಿಲ್ಲ. ಮನೆಗೋಗಿ ನಮ್ಮ ಮರದ್ ನುಗ್ಗೆಸೊಪ್ಪು ತಂದ್ ಹಾಕ್ದೆ. ಬಾಣಂತೀರಿಗೂ ಅದನ್ನೇ ಅಲ್ವಾ ಕೊಡೋದು, ರಕ್ತ ಆಗ್ಲಿ ಅಂತ.”

ನುಗ್ಗೆಸೊಪ್ಪೆಂದರೆ ಕ್ಯಾಲ್ಸಿಯಮ್ಮಿನ ಮೂಟೆ. ಮೊಲವೋ, ತಿಂದ ಕ್ಯಾಲ್ಸಿಯಮ್ಮನ್ನೆಲ್ಲ ರಕ್ತಕ್ಕೆ ಏರಿಸಿಕೊಳ್ಳುವ ಪ್ರಾಣಿ. ಕಿರುಚಬೇಕೆನಿಸಿತು. ಬಾಣಂತಿಯರ ಪಥ್ಯಕ್ಕೂ ನನ್ನ ಹಣೆಬರಹಕ್ಕೂ ಎಲ್ಲಿಯ ಸಂಬಂಧ!

ಗೈಡಿಗೆ ಫೋನು ಮಾಡಿದೆ. ಈ ಅಂಕಿಗಳು ಯಾವ ಕೆಲಸಕ್ಕೂ ಬಾರವು ಎಂದರು. ಪ್ರಯೋಗಕ್ಕೆ ಬಳಸಿದ ಮೊಲಗಳನ್ನು ಉಳಿಸಿಕೊಳ್ಳುವಂತಿಲ್ಲವಲ್ಲ, ಬೆಳಿಗ್ಗೆ ಬೇಗ ಬಂದು ಮುಗಿಸಿಬಿಡು ಎಂದೂ ಹೇಳಿದರು. ನಾನು ಹೂಂ ಎಂದೆ. ವಿಜ್ಞಾನಕ್ಕೆ ಏನನ್ನೂ ತಿಳಿಸದ ಸಾವುಗಳು, ಅದೂ ನನ್ನ ಕೈಯಿಂದ. ಗೋಡೆಗೆ ಒರಗಿ ಅತ್ತುಬಿಟ್ಟೆ.

ಅಕ್ಕ ಗಾಬರಿಯಾಗಿ ನನ್ನ ಬೆನ್ನು ಸವರಿದರು. ತಾನೇನೋ ತಪ್ಪು ಮಾಡಿದೆನೆಂದು ಮಾತ್ರ ಅವರಿಗೆ ಗೊತ್ತಾಗಿತ್ತು.

“ಬೇಜಾರ್ ಮಾಡ್ಕೋಬೇಡಿ ಮೇಡಂ, ಇನ್ಮೇಲೆ ನಿಮ್ಮನ್ನ ಕೇಳೇ ಹಾಕ್ತೀನಿ. ನಾಳೆ ಬೆಳಿಗ್ಗೆ ಇವಕ್ಕೆ ಏನ್ ಹಾಕ್ಲಿ?”