ಗದ್ದೆಯಾಚೆಯಿಂದ ಎರಡು ಗುಂಡು

ಅವರು ಹೊಡೆಯುವ ಮೊದಲು ನಾವೇ ಹೊಡೆದೆವು ಎಂದು ಒಂದು ದೇಶ ಇನ್ನೊಂದರ ಮೇಲೆ ಕ್ಷಿಪಣಿ ಬಿಟ್ಟಿತು. ಪ್ರತಿಯಾಗಿ ಬಂದ ಕ್ಷಿಪಣಿಗಳು ನನ್ನ ತಂಗಿ ನರ್ಸ್ ಆಗಿದ್ದ ಕೊಲ್ಲಿ ದೇಶದ ನಗರದ ಮೇಲೂ ಬಿದ್ದವು. ಬೆಳಗ್ಗಿನಿಂದ ಅವಳ ಫೋನ್ ಸಿಗಲಿಲ್ಲ.

ನಾನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಹೇಳಿಕೊಡುವವಳು. ಆ ದಿನವೂ ಹೇಳಿದೆ: ಸಶಸ್ತ್ರ ದಾಳಿಯಾದರೆ ಆತ್ಮರಕ್ಷಣೆಯ ಹಕ್ಕನ್ನು ವಿಶ್ವಸಂಸ್ಥೆಯ ಸನ್ನದು ಒಪ್ಪುತ್ತದೆ, ದಾಳಿ ಬಾಗಿಲಿಗೇ ಬಂದು ಬೇರೆ ದಾರಿಯಿಲ್ಲದಿದ್ದರೆ ಮೊದಲೇ ಹೊಡೆಯಬಹುದೆಂದು ಕೆಲವರು ವಾದಿಸುತ್ತಾರೆ, ಮುಂದೆಂದೋ ಹೊಡೆದಾರು ಎಂಬ ಗುಮಾನಿ ಸಾಲದು. ಕಾನೂನು ಕೇಳಿಕೊಂಡು ಯಾರಾದರೂ ಕ್ಷಿಪಣಿ ಬಿಡುತ್ತಾರೆಯೇ ಎಂದು ನನ್ನ ಪಾಠದ ಮೇಲೆ ನನಗೇ ಸಿಟ್ಟು ಬಂತು.

ಸಂಜೆ ನಮ್ಮೂರು ಬಿಟ್ಟಂಗಾಲದ ಮನೆಗೆ ಬಂದರೆ ಅಮ್ಮ ಇರಲಿಲ್ಲ. ಗದ್ದೆಯಾಚೆಗೆ ತಂಗಿಯ ಗಂಡನ ಮನೆ. ಸುದ್ದಿ ಬಂದರೆ ಮೊದಲು ಅಲ್ಲಿಗೇ ಬರಬೇಕು. ಅಮ್ಮ ಕೇಳಲು ಹೋಗಿರಬೇಕು ಎಂದುಕೊಂಡು ಚಪ್ಪಲಿ ಬಿಡುತ್ತಿದ್ದೆ. ಆ ಕಡೆಯಿಂದ ಬೆನ್ನುಬೆನ್ನಿಗೆ ಎರಡು ಗುಂಡಿನ ಸದ್ದು ಕೇಳಿತು.

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಲ್ಲಿ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ, ಸಾವಾದರೆ ಎರಡು. ತಂಗಿ ಹೋದಳು ಎಂದೇ ತಿಳಿದು ಬರಿಗಾಲಲ್ಲಿ ಗದ್ದೆ ದಾಟಿ ಓಡಿದೆ.

ಅವರ ತೋಟದ ಅಂಚಿನಲ್ಲಿ ಅಮ್ಮ ಕುಸಿದು ಕೂತಿದ್ದಳು. ಸ್ವಲ್ಪ ದೂರದಲ್ಲಿ ತಂಗಿಯ ಮಾವ ಕೋವಿ ಹಿಡಿದು, ಮುಖ ಬಿಳುಚಿಕೊಂಡು ನಿಂತಿದ್ದರು.

"ಎಂತ ಆಯ್ತು ಮಾವ?"

"ಕಾಫಿ ಗಿಡ ಅಲ್ಲಾಡ್ತು. ಆನೆ ಅಂತ ತಿಳ್ಕೊಂಡೆ. ಮೇಲೆ ಬೀಳುವ ಮೊದಲೇ ಓಡಿಸುವ ಅಂತ ಆಕಾಶಕ್ಕೆ ಹೊಡೆದೆ."

ಗಿಡಗಳ ನಡುವೆ ಬರುತ್ತಿದ್ದ ನನ್ನ ಅಮ್ಮನೇ ಅವರ ಆನೆ. ಆನೆ ಓಡಿಸಲು ಇಲ್ಲಿ ಪಟಾಕಿ ಸಿಡಿಸುತ್ತಾರೆ. ಊರು ಸಾವೆಂದು ತಿಳಿದೀತೆಂದು ಕೋವಿಯಲ್ಲಿ ಜೋಡಿ ಗುಂಡು ಯಾರೂ ಹೊಡೆಯುವುದಿಲ್ಲ. ಬೆಳಗ್ಗಿನಿಂದ ಸೊಸೆಯ ಫೋನಿಗೆ ಕಾದು ಹೆದರಿ ಹಣ್ಣಾಗಿದ್ದವರಿಗೆ ಅದೂ ಮರೆತಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು.

ಆನೆಯ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ, ಎರಡು ಗುಂಡು ಕೇಳಿ ಮಗಳು ಹೋದಳೆಂದೇ ಅವಳೂ ತಿಳಿದಿದ್ದಳು. ಮಾವನ ಮುಖವನ್ನೇ ನೋಡುತ್ತಿದ್ದಳು.

"ಅಣ್ಣ, ನನ್ನ ಮಗಳದ್ದು ಸುದ್ದಿ ಬಂತಾ?"

ಅವರು ಕೋವಿ ಕೆಳಗಿಟ್ಟು ಅವಳ ಪಕ್ಕ ಮಣ್ಣಿನಲ್ಲೇ ಕೂತರು.

"ಇಲ್ಲ ಅಕ್ಕ. ಎಂತದೂ ಸುದ್ದಿ ಬರ್ಲಿಲ್ಲ."

ಬೆಳಗ್ಗಿನಿಂದ ನಮ್ಮನ್ನು ಕೊಲ್ಲುತ್ತಿದ್ದುದು ಅದೇ ಮಾತು. ಅಮ್ಮ ಅವರ ಕೈ ಹಿಡಿದುಕೊಂಡು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡಳು.