ಮಗ್ಗುಲು ತಿರುಗಿಸುವ ಪಾಠ

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ ಕೂಡ. ನಂಬದವರನ್ನು ನಂಬಿಸುವುದರಲ್ಲೇ ನನಗೆ ರುಚಿ. ಬಂಡೂರು ಟಗರೊಂದನ್ನು ಅದರ ಒಡೆಯನಿಗೇ ತೋರಿಸಿ, ಅವನ ಬಾಯಲ್ಲೇ ಬೆಲೆ ಕೂಗಿಸಿದವನು ನಾನು. ಸತ್ತೆನೆಂದು ಸುದ್ದಿ ಹಬ್ಬಿಸಿ, ಅಳುತ್ತಾ ಬಂದ ಬೀಗರಿಗೆ ನಾನೇ ಕಾಫಿ ತಂದುಕೊಟ್ಟವನು. ಇಂಥವನ ಮಾತು ಸುಳ್ಳೆಂದುಕೊಂಡೇ ಓದಿ. ಕೊನೆವರೆಗೂ ಹಾಗೇ ಅಂದುಕೊಂಡಿರುತ್ತೀರಾ, ನೋಡೋಣ.

ನನ್ನ ಮಗನ ಮಗಳು ಪಿಯುಸಿ ಮುಗಿಸಿ ಮಂಡ್ಯದಲ್ಲಿ ರೋಗಿಗಳ ಆರೈಕೆಯ ಕೋರ್ಸಿಗೆ ಸೇರಿದಳು. ನರ್ಸ್ ಓದಲ್ಲ. ಹಾಸಿಗೆ ಹಿಡಿದವರಿಗೆ ಮೈ ಒರೆಸುವುದು, ಉಣ್ಣಿಸುವುದು, ಮುದುಕರ ಜೊತೆ ಕೂತು ಮಾತಾಡುವುದು, ಇದನ್ನೆಲ್ಲ ಕಲಿಸುತ್ತಾರೆ. ಪೂರಿಗಾಲಿ ಕಡೆಯ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತುವಳು. ಸಂಜೆ ಬಂದು ಕಲಿತದ್ದನ್ನು ನನ್ನ ಮೇಲೆ ಪ್ರಯೋಗ ಮಾಡುವಳು. ನಾನು ರೋಗಿ. ಲಕ್ವ ಹೊಡೆದವನಂತೆ ನನ್ನಷ್ಟು ಚೆನ್ನಾಗಿ ಬಿದ್ದಿರುವವರು ತಾಲ್ಲೂಕಿನಲ್ಲೇ ಇಲ್ಲ. ಒಂದು ಸಲ ಸೊಸೆ ಹೆದರಿ ಆಟೋದವನಿಗೆ ಫೋನೇ ಮಾಡಿಬಿಟ್ಟಿದ್ದಳು.

“ತಾತ, ಈಗ ಭುಜ ಮುಟ್ತಾ ಇವ್ನಿ. ಎಡಗಡೀಕೆ ತಿರುಗುಸ್ತೀನಿ.”

“ಮುಟ್ಟದಾದ್ರೆ ಮುಟ್ಟಮ್ಮಿ, ಡಂಗೂರ ಯಾಕೆ?”

“ಯೋಳ್ದೆ ಮುಟ್ಟಂಗಿಲ್ಲ. ಮಾತು ನಿಂತೋಗಿರೋರ್ಗೂ ಯೋಳ್ಬೇಕು. ಅವ್ರಿಗೆ ಎಲ್ಲ ಕೇಳುಸ್ತಿರ್ತದೆ ಕಣ್ ತಾತ.”

ನಾನು ಮಲಗಿದ್ದ ಮಂಚ ನನ್ನ ಹೆಂಡತಿಯದು. ಅವಳಿಗೆ ನಿಜವಾದ ಲಕ್ವ ಹೊಡೆದು, ಮಾತು ಹೋಗಿ, ಗೋಡೆಯ ಕಡೆ ಮುಖ ಮಾಡಿಕೊಂಡೇ ಬಹಳ ಕಾಲ ಇದೇ ಕೋಣೆಯಲ್ಲಿ ಮಲಗಿದ್ದಳು. ಆಡುವ ಒಂದೇ ಕೈಯಿಂದ ಗೋಡೆ ಸವರುವಳು. ಆ ಜಾಗದಲ್ಲಿ ಸುಣ್ಣ ಹೋಗಿ ನುಣ್ಣಗಾಗಿದೆ. ನಾವೆಲ್ಲ ಹೊತ್ತುಹೊತ್ತಿಗೆ ಗಂಜಿ ಕೊಟ್ಟೆವು, ಬಟ್ಟೆ ಬದಲಾಯಿಸಿದೆವು. ಮಗ್ಗುಲು ತಿರುಗಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೆನ್ನೆಲ್ಲ ಹುಣ್ಣಾಯಿತು. ಅದೇ ನಂಜಾಗಿ ಹೋದಳು.

ಈ ನಡುವೆ ಮೊಮ್ಮಗಳನ್ನು ನೋಡಲು ಮದ್ದೂರಿನಿಂದ ಗಂಡಿನ ಕಡೆಯವರು ಬಂದರು. ಅವರಲ್ಲೊಬ್ಬಳು ಉಪ್ಪಿಟ್ಟು ತಿನ್ನುತ್ತಲೇ ಬಾಯಿಬಿಟ್ಟಳು: “ಮಂಡ್ಯ ಆಸ್ಪತ್ರೇಲಿ ನೋಡ್ದೆ ಕಣಮ್ಮ ನಿಮ್ಮುಡ್ಗೀನ. ಯಾವನೋ ಮುದುಕನ ಚಡ್ಡಿ ಬಿಚ್ತಿದ್ಲು.” ಸಂಬಂಧ ಅಲ್ಲಿಗೇ ಮುರಿಯಿತು. ಅವರು ಹೊಸ್ತಿಲು ದಾಟಿದ್ದೇ ತಡ, ಮಗ ತಿರುಗಿ ನಿಂತ.

“ನಾಳಿಂದ ಬಸ್ಸು ಅತ್ತಂಗಿಲ್ಲ. ಕಂಡೋರ ಉಚ್ಚೆ ಬಾಚಕ್ಕಾ ನಿನ್ನ ಓದ್ಸಿದ್ದು?”

“ಅಪ್ಪ, ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ. ಓಗ್ದಿದ್ರೆ ಕಲ್ತಿದ್ದೆಲ್ಲ ನೀರಿಗಾಕ್ದಂಗೆ.”

“ಆಕ್ದಂಗೇ ಆಗ್ಲಿ. ಮನೇಲಿ ಬಿದ್ದಿರು.”

ಹುಡುಗಿ ಬಿಳಿ ಕೋಟನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಅಳಲಿಲ್ಲ. ಸಂಜೆ ನನ್ನ ಮೇಲೆ ಪಾಠ ಒಪ್ಪಿಸಲೂ ಬರಲಿಲ್ಲ. ಮಗನಿಗೆ ನಾನು ಹೇಳಿದರೆ, “ನೀನು ಸುಮ್ಕಿರಪ್ಪ, ನಿಂದು ಯಾವ್ದು ನಿಜ ಯಾವ್ದು ತಮಾಸೆ ಅಂತ ನಮ್ಗೇನ್ ಗೊತ್ತು?” ಅಂದ. ಸರಿ, ತಮಾಷೆಯೇ ಆಗಲಿ ಅಂದುಕೊಂಡೆ.

ಆಗ ಪಿತೃಪಕ್ಷ. ಹಿರೀಕರಿಗೆ ಎಡೆ ಇಟ್ಟು, ಅವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗುವುದು. ನಮ್ಮ ಮನೆಯಲ್ಲಿ ಹೆಂಡತಿಯ ಕೋಣೆಯಲ್ಲೇ ಎಡೆ. ಆ ಕೋಣೆಗೆ ಕೊಟ್ಟಿಗೆ ಕಡೆಯಿಂದ ಇನ್ನೊಂದು ಬಾಗಿಲಿದೆ. ಎಲ್ಲರೂ ಜಗಲಿಗೆ ಹೋದಾಗ ನಾನು ದನಕ್ಕೆ ಹುಲ್ಲು ಹಾಕುವ ನೆಪ ಮಾಡಿ ಹಿಂದಿನಿಂದ ಒಳಗೆ ನುಸುಳಿದೆ. ಎಡೆಗಿಟ್ಟಿದ್ದ ಹೊಸ ಸೀರೆಯನ್ನು ತಲೆಯಿಂದ ಹೊದ್ದು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ನನ್ನವಳು ಗಟ್ಟಿಯಾಗಿದ್ದಾಗಿನ ಗಂಟಲು ನನಗೆ ಚೆನ್ನಾಗಿ ಬರುತ್ತದೆ. ಹೇಳಬೇಕಾದ ಮಾತನ್ನೂ ಕಟ್ಟಿಟ್ಟುಕೊಂಡಿದ್ದೆ: “ಮಗೀನ ಓದುಸ್ಲಾ, ಇಲ್ದಿದ್ರೆ ನಿನ್ನ ಸುಮ್ಕೆ ಬುಡಕ್ಕಿಲ್ಲ!”

ಮಲಗಿದ ಮೇಲೆ ಗೊತ್ತಾಯಿತು, ಅಲ್ಲಿಂದ ಕಾಣುವುದು ಗೋಡೆ ಮಾತ್ರ. ಹಿಂದೆ ದೀಪ ಉರಿಯುತ್ತಿತ್ತು, ಧೂಪದ ಹೊಗೆ, ಬಾಡಿನ ಸಾರಿನ ವಾಸನೆ. ಹೊರಗೆ ಸೊಸೆ ಕೆಮ್ಮಿದ್ದು, ಮಗ ಬೀಡಿ ಹಚ್ಚಿದ್ದು, ಎಲ್ಲ ಕೇಳಿಸುತ್ತಿತ್ತು. ಭುಜ ನೋಯತೊಡಗಿತು. ಹೊರಳೋಣವೆಂದರೆ ಮೈ ಒಪ್ಪಲಿಲ್ಲ. ನನ್ನ ಕೈ ಯಾವಾಗ ಆ ನುಣ್ಣನೆಯ ಜಾಗಕ್ಕೆ ಹೋಗಿತ್ತೋ, ಸವರುತ್ತಿತ್ತು. ಗೋಡೆ ಬೆಚ್ಚಗಿತ್ತು.

ಬಾಗಿಲು ತಟ್ಟಿದರು. ಮೊದಲು ಮಗ ಒಳಗೆ ಬಂದ. ಹೆಜ್ಜೆ ನಿಂತಿತು. ಆಗ ನಾನು ದನಿ ತೆಗೆದೆ. ಕಟ್ಟಿಟ್ಟ ಮಾತು ಬರಲಿಲ್ಲ. ದಪ್ಪ ನಾಲಿಗೆಯ, ಎಳೆದೆಳೆದು ಬರುವ ದನಿ:

“ನನ್ನ... ತಿರುಗ್ಸೋರು... ಯಾರೂ ಇರ್ನಿಲ್ಲ... ಮಗಾ. ಮಗೀನ... ಕಳುಸು.”

ಮಗ ದೊಪ್ಪನೆ ಕುಸಿದು ಕೂತ. ಸೊಸೆ ಬಾಗಿಲಲ್ಲೇ ಕಿರುಚಿಕೊಂಡಳು. ಮೊಮ್ಮಗಳು ಅವರನ್ನು ದಾಟಿ ಮಂಚದ ಹತ್ತಿರ ಬಂದಳು.

“ಅಜ್ಜಿ, ನಾನು ಕಣಜ್ಜಿ. ಭುಜ ಮುಟ್ತಾ ಇವ್ನಿ. ಈ ಕಡೀಕೆ ತಿರುಗುಸ್ತೀನಿ, ಆಯ್ತಾ?”

ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ತಿರುಗಿಸಿದಳು. ಸೀರೆ ಜಾರಿ ನನ್ನ ಮೀಸೆ ಹೊರಬಂತು.

“ಥೂ, ನಿಮ್ಮ ಮುದಿ ಬುದ್ಧಿಗೆ ಬೆಂಕಿ ಬೀಳ! ಎಡೆ ಸೀರೆ ಅಲ್ವಾ ಮಾವ ಅದು?” ಅಂದಳು ಸೊಸೆ, ಅಳುತ್ತಾ ನಗುತ್ತಾ. ಮಗ ನಗಲಿಲ್ಲ, ಬೈಯಲೂ ಇಲ್ಲ. ಕೂತಲ್ಲಿಂದಲೇ ಮಗಳನ್ನು ಕೇಳಿದ:

“ನಾಳೆ ಮೊದಲ್ನೇ ಬಸ್ಸು ಎಷ್ಟೊತ್ತಿಗವ್ವ?”

ಪರೀಕ್ಷೆಗೆ ಹೋದಳು, ಪಾಸಾದಳು. ಈಗ ಮಂಡ್ಯದಲ್ಲೇ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ಒಂದು ದಿನ ಕೇಳಿದೆ: “ಅಲ್ಲಮ್ಮಿ, ನಾನೇ ಅಂತ ನಿಂಗೆ ಗೊತ್ತಿರ್ನಿಲ್ವಾ?”

“ಗೊತ್ತಿತ್ತು. ನಿನ್ನ ಒಡ್ಕಲು ಹಿಮ್ಮಡಿ ಸೀರೆಯಿಂದ ಆಚೆಗೇ ಇತ್ತಲ್ಲ.”

“ಮತ್ತೆ ಅಜ್ಜಿ ಅಂತ ಯಾಕೆ ಕರ್ದೆ?”

“ಮಾತಾಡಿದ್ದು ಅಜ್ಜಿ ಅಲ್ವಾ ತಾತ?”

ನಾನು ಎಲೆ ಅಡಿಕೆ ಹಾಕಿಕೊಂಡೆ. ನಿಮಗಾದರೂ ಹೇಳಿಬಿಡುತ್ತೇನೆ. ಇದರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿದ್ದು. ಆಗ ನಾನು ದನಿ ತೆಗೆದೆ ಅಂದೆನಲ್ಲ, ಅದು. ಎಲ್ಲಿ ನಗು ಬಂದುಬಿಡುತ್ತದೋ ಎಂದು ಬಾಗಿಲು ತಟ್ಟುವ ಮೊದಲೇ ನಾನು ಸೆರಗನ್ನು ಬಾಯಿ ತುಂಬ ತುರುಕಿಕೊಂಡಿದ್ದೆ.