ಕೀಬೋರ್ಡಿನ ಸರದಿ

ಸುನಂದಕ್ಕಾ, ಆ ಕಂಪ್ಯೂಟರ್ ನಿಮ್ಮ ಕೈಯಿಂದ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು. ಅದು ಆ ಕ್ಷಣವೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಅಪವಾದ ನಿಮ್ಮ ಮೇಲೆ ಬರಲು ಬಿಟ್ಟೆ.

ತೊಂಬತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ಆ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಡಚುತ್ತಿದ್ದ ನೀವು, ನೋಡನೋಡುತ್ತಲೇ ಕಲಿತು ಕಂಪ್ಯೂಟರಿನ ಮುಂದೆ ಕುಳಿತಿರಿ. ದಿನಾ ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸಿನಲ್ಲಿ ಬಂದು ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಟೈಪ್ ಮಾಡುತ್ತಿದ್ದಿರಿ. ಯಂತ್ರ ಕೆಟ್ಟರೆ ನನಗೆ ಕರೆ ಬರುತ್ತಿತ್ತು. ಬೀಪ್ ಸದ್ದು ಕೇಳಿಯೇ ರೋಗ ಹೇಳುವವ ಎಂದು ಊರಲ್ಲಿ ನನಗೆ ಹೆಸರು; ಆ ಹೆಸರಿನ ಮೇಲೆ ನನಗೆ ವಿಪರೀತ ಪ್ರೀತಿ.

ಖಂಡೇನವಮಿಯ ಬೆಳಗ್ಗೆ, ಆಯುಧಪೂಜೆಗೆಂದು ನಿಮ್ಮ ಕಂಪ್ಯೂಟರನ್ನು ಬಿಚ್ಚಿ ಧೂಳು ಹೊಡೆದವನು ನಾನೇ. ಮೆಮೊರಿ ಪಟ್ಟಿಗಳನ್ನು ತೆಗೆದು, ರಬ್ಬರಿನಿಂದ ತಿಕ್ಕಿ, ಮತ್ತೆ ಸಿಕ್ಕಿಸಿದೆ. ಇನ್ನೂ ನಾಲ್ಕು ಕಡೆ ಹೋಗಬೇಕಿತ್ತು — ಚಾಲೂ ಮಾಡಿ ನೋಡಲಿಲ್ಲ. ನೀವು ಕುಂಕುಮ ಏರಿಸಿ, ಹೂವಿಟ್ಟಿರಿ. ದಸರೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟಲಿಲ್ಲ.

ದಸರೆಯ ಮರುದಿನ ಗುಂಡಿ ಒತ್ತಿದರೆ ಪರದೆ ಕಪ್ಪು, ಮೂರು ಬೀಪ್. ನನ್ನನ್ನು ಕರೆಸಿದರು. ಮಾಲಕರು ಕೀಬೋರ್ಡಿನ ಮೇಲಿನ ಕುಂಕುಮ ನೋಡಿದರು, ನಿಮ್ಮನ್ನು ನೋಡಿದರು. ನೀವು ಅಂದದ್ದು ಇಷ್ಟೇ: “ನಾ ಒಣಾ ಕುಂಕುಮಾನ ಹಚ್ಚೀನ್ರಿ. ನೀರ ಮುಟ್ಟಿಸಿಲ್ರಿ.”

ಯಂತ್ರ ಏಳುವಾಗ ಎಲ್ಲವನ್ನೂ ಸರದಿಯಂತೆ ವಿಚಾರಿಸುತ್ತದೆ — ಮೊದಲು ತನ್ನನ್ನು, ಆಮೇಲೆ ಮೆಮೊರಿಯನ್ನು, ಪರದೆಯನ್ನು. ಕೀಬೋರ್ಡಿನ ಸರದಿ ಅವೆಲ್ಲ ಆದ ಮೇಲೆ. ಆ ಮೂರು ಬೀಪ್ ಎಂದರೆ ಅದು ಮೆಮೊರಿಯ ಹತ್ತಿರವೇ ನಿಂತುಬಿಟ್ಟಿದೆ. ಕೀಬೋರ್ಡಿನ ತನಕ ಬಂದೇ ಇರಲಿಲ್ಲ, ಅಕ್ಕಾ. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಹೇಳಿದ್ದರೆ ಮುಂದಿನ ಪ್ರಶ್ನೆ — ಮೆಮೊರಿ ಮುಟ್ಟಿದವರು ಯಾರು?

ನಾನೆಂದೆ: “ನೀರ ಇಳದಿರಬೇಕ್ರಿ.”

ಎಲ್ಲರನ್ನೂ ಹೊರಗೆ ಕಳಿಸಿ, ಅರ್ಧ ಕೂತಿದ್ದ ಪಟ್ಟಿಯನ್ನು ಬೆರಳಿನಿಂದ ಒತ್ತಿದೆ. ಯಂತ್ರ ಎದ್ದಿತು. ಒಣಗಿಸಿದೆ ಎಂದು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ, ಚಹಾ ಕುಡಿದೆ. ನಿಮ್ಮನ್ನು ಮತ್ತೆ ಪತ್ರಿಕೆ ಮಡಚಲು ಕೂರಿಸಿದರು. ದೀಪಾವಳಿಯ ನಂತರ ನೀವು ಬರಲೇ ಇಲ್ಲ.

ಈಗ ನಾನು ಆ ಕಾಲದ ಯಂತ್ರಗಳನ್ನೇ ಹುಡುಕಿ ತಂದು ರಿಪೇರಿ ಮಾಡುತ್ತೇನೆ. ಬೀಪ್ ಕೇಳಿ ಹೇಳುವುದರಲ್ಲಿ ಇವತ್ತಿಗೂ ತಪ್ಪುವುದಿಲ್ಲ. ಅಂದೂ ತಪ್ಪಿರಲಿಲ್ಲ — ನಾಚಿಕೆಯಾಗುವುದು ಅದಕ್ಕೇ.

ಹೋದ ವಾರ ಮಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೆ ನಿಮ್ಮ ಹೆಸರೇ ನೆನಪಿರಲಿಲ್ಲ. “ಯಾರು, ಆ ಕುಂಕುಮದ ನೀರ ಹಾಕಿದಾಕಿ ಏನು?” ಎಂದು ಕೇಳಿದರು.

“ಅಲ್ರಿ,” ಎಂದೆ. “ಒಣಾ ಕುಂಕುಮ ಹಚ್ಚಿದವರು. ಸುನಂದಕ್ಕ.”

ಭಾನುವಾರ ಅಕ್ಕಲಕೋಟೆಗೆ ಬರುತ್ತೇನೆ. ನಿಮ್ಮ ಮನೆಯವರ ಮುಂದೆ ನಿಂತು ಇದನ್ನೇ ಹೇಳುತ್ತೇನೆ.